ತಗಡು ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಂಘದವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಬಗ್ಗೆ ಮಾತಾಡಬೇಕು, ಮಕ್ಕಳಿಗೆ ಸ್ಫೂರ್ತಿ ಸಿಗುತ್ತೆ" ಎಂದರು. ಆಗಲಿ ಎಂದೆ. ಆದರೆ ಬರೆಯಲು ಕುಳಿತಾಗ ಕಂಪ್ಯೂಟರ್ ಬಗ್ಗೆ ಹೇಳುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ ಅನ್ನಿಸಿತು. ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು, ಎಲ್ಲರ ಮನೆಯಲ್ಲೂ ಮೊಬೈಲ್ ಇದೆ. ಹಾಗಾಗಿ ಇವತ್ತು ನಾನು ತಗಡಿನ ಬಗ್ಗೆ ಮಾತಾಡುತ್ತೇನೆ. ಒಂದು ಹಳೇ ಕಾರು, ಅದರ ತುಕ್ಕು ಹಿಡಿದ ತಗಡು, ಅದನ್ನು ಸರಿಮಾಡಲು ಹೋಗಿ ನಾನು ಕಲಿತದ್ದು, ಇಷ್ಟೇ ವಿಷಯ. ಮೇಷ್ಟ್ರುಗಳು ಕ್ಷಮಿಸಬೇಕು.

ಹೊರಗೆ ಬೇವಿನ ಮರದ ಕೆಳಗೆ ಬಿಳೀ ಬಣ್ಣದ ಒಂದು ಪ್ರೀಮಿಯರ್ ಪದ್ಮಿನಿ ನಿಂತಿರುವುದನ್ನು ನೀವು ನೋಡಿರಬಹುದು. ಅದು ನಮ್ಮ ತಂದೆಯವರದು. ಇಟಲಿಯ ಫಿಯೆಟ್ ಕಂಪನಿಯ 1100 ಡಿ ಎಂಬ ಕಾರನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಿಂದ ತಯಾರಿಸುತ್ತಿದ್ದರು. ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅಂದರೆ ಆ ಹೆಸರಿಗೂ ನಮ್ಮ ಶಾಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1089 ಸಿ.ಸಿ. ಇಂಜಿನು, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳೆಂದರೆ ಇವೇ. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯೂ ಅವುಗಳ ಕಾಲ ಮುಗಿಯಿತು.

ನಮ್ಮದು 1979ರ ಗಾಡಿ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡರು. ಅರಸೀಕೆರೆ ಸ್ಟೇಷನ್ನಿಗೆ, ಹಾಸನದ ಆಸ್ಪತ್ರೆಗೆ, ಮದುವೆ ದಿಬ್ಬಣಕ್ಕೆ, ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವು ಎಂದು ಬಾಗಿಲು ಬಡಿದವರಿಗೆ, ಎಲ್ಲರಿಗೂ ಅದು ಬೇಕಿತ್ತು. ಇಲ್ಲಿ ಕುಳಿತಿರುವವರಲ್ಲಿ ಕೆಲವರು ಹುಟ್ಟಿದ ಮೇಲೆ ಮೊದಲು ಮನೆಗೆ ಬಂದದ್ದೇ ಆ ಕಾರಿನಲ್ಲಿ. ನನ್ನ ಬಿ.ಇ. ಫೀಸು ಕಟ್ಟಿದ್ದೂ ಅದೇ. ನನಗೆ ಕೆಲಸ ಸಿಕ್ಕ ಮೇಲೆ ಅಪ್ಪ ಓಡಿಸುವುದನ್ನು ಬಿಟ್ಟರು. ಕಾರು ಹಿತ್ತಲ ಸೋಗೆ ಚಪ್ಪರದ ಕೆಳಗೆ ನಿಂತಿತು. 2018ರಲ್ಲಿ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ನಾನು ಸುಮ್ಮನೆ ಹೋಗಿ ಅದರ ಬಾಗಿಲು ತೆಗೆದೆ. ಕಾಲಿಡುವ ಕಡೆ ನೆಲ ಇರಲಿಲ್ಲ. ಕೆಳಗೆ ಹುಲ್ಲು ಕಾಣುತ್ತಿತ್ತು.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. 2019ರಲ್ಲಿ ಕಾರನ್ನು ಲಾರಿಯಲ್ಲಿ ಹಾಕಿಸಿ ಬೆಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. ಎಂಟು ತಿಂಗಳು ಇಟ್ಟುಕೊಂಡು ಕನ್ನಡಿಯಂತೆ ಹೊಳೆಯುವ ಕಾರು ಕೊಟ್ಟರು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಮಳೆಗಾಲ ಶುರುವಾಯಿತು. ಬಾಗಿಲ ಕೆಳಗೆ, ಚಕ್ರದ ಕಮಾನಿನ ಸುತ್ತ, ಬಣ್ಣ ಸಿಡುಬಿನಂತೆ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಬೆರಳು ಒಳಗೆ ಹೋಯಿತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ.

ಆಗ ಅಮ್ಮ ಒಂದು ಮಾತು ಹೇಳಿದರು. "ನಿನ್ನ ಕ್ಲಾಸಿನವನೇ ಬೈಪಾಸಿನಲ್ಲಿ ಟಿಂಕರಿಂಗ್ ಅಂಗಡಿ ಇಟ್ಟಿದಾನಲ್ಲ. ಅವನಿಗೆ ತೋರಿಸಬಾರದಾ?"

ನಾನು ಎರಡು ವಾರ ಹೋಗಲಿಲ್ಲ. ಅದಕ್ಕೊಂದು ಕಾರಣವಿತ್ತು. ಆ ಕಾರಣವನ್ನು ಈ ವೇದಿಕೆಯಲ್ಲಿ ಹೇಳಬೇಕೆಂದೇ ನಾನು ಬಂದಿದ್ದೇನೆ.

2003ರಲ್ಲಿ ನಾವು ಇದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದೆವು. ನಾನು ಮುಂದಿನ ಬೆಂಚು, ಅವನು ಕೊನೆಯ ಬೆಂಚು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ಅವನು ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದ. "ಗಣಿತ ಒಂದು ಹೇಳ್ಕೊಡೋ, ಉಳಿದದ್ದು ನಾನು ನೋಡ್ಕೋತೀನಿ" ಅಂದ. ಎರಡು ಸಂಜೆ ವೃತ್ತದ ಪಾಠ ಹೇಳಿಕೊಟ್ಟೆ. ಮೂರನೆಯ ಸಂಜೆ ಅವನ ಸೈಕಲ್ ಬೆಲ್ಲು ಕೇಳಿದಾಗ, ನನ್ನ ಓದು ಹಾಳಾಗುತ್ತದೆ ಎಂದು, "ಮನೇಲಿಲ್ಲ ಅಂತ ಹೇಳಮ್ಮ" ಎಂದು ಒಳಗೆ ಕುಳಿತೆ. ಅಮ್ಮ ಹಾಗೇ ಹೇಳಿದರು. ಜಗಲಿಯ ಮೇಲೆ ನನ್ನ ಚಪ್ಪಲಿ ಇತ್ತು. ಅವನು ಮತ್ತೆ ಬರಲಿಲ್ಲ. ಗಣಿತದಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದು ಫೇಲಾದ. ನನ್ನ ಹೆಸರು ನಮ್ಮ ಶಾಲೆಯ ಬೋರ್ಡಿನ ಮೇಲೆ ಬಂತು. ಅದು ಈಗಲೂ ಆಫೀಸ್ ರೂಮಿನ ಗೋಡೆಯ ಮೇಲಿದೆ.

ಹದಿನೇಳು ವರ್ಷದ ಮೇಲೆ ಅವನ ಅಂಗಡಿಗೆ ಹೋದೆ. ಅವನು ಏನೂ ಕೇಳಲಿಲ್ಲ. ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಕಾರಿನ ಸುತ್ತ ಇಟ್ಟುಕೊಂಡು ಹೋದ. ತಗಡಿದ್ದ ಕಡೆ ಟಪ್ ಎಂದು ಅಂಟಿಕೊಳ್ಳುತ್ತಿತ್ತು, ಪುಟ್ಟಿ ಇದ್ದ ಕಡೆ ಜಾರಿ ಬೀಳುತ್ತಿತ್ತು. ಬಿದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಹನ್ನೊಂದು ಗುರುತಾಯಿತು. "ಮಾಡಣ. ಆದ್ರೆ ಒಂದು ಮಾತು. ನೀನೂ ಕೈ ಹಾಕ್ಬೇಕು. ನಿಮ್ಮಪ್ಪನ ಗಾಡಿ" ಅಂದ.

ತಮ್ಮ ತಂಗಿಯರೇ, ಮುಂದಿನ ಎರಡು ವರ್ಷದ ಶನಿವಾರ, ಭಾನುವಾರಗಳಲ್ಲಿ ನಾನು ಕಲಿತದ್ದನ್ನು ಸ್ವಲ್ಪ ಹೇಳುತ್ತೇನೆ. ಎಲ್ಲವೂ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಮೊದಲನೆಯದು ರಸಾಯನಶಾಸ್ತ್ರ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ಇದನ್ನು ಎಲ್ಲರೂ ಬರೆದು ಅಂಕ ತೆಗೆಯುತ್ತೇವೆ. ಆದರೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಎರಡು ತಗಡು ಸೇರಿದ ಸಂದಿಯಲ್ಲಿ ಹುಟ್ಟಿದ ತುಕ್ಕು ಆ ಎರಡನ್ನೂ ಹೊರಕ್ಕೆ ದೂಡುತ್ತದೆ, ಮೇಲಿನ ಬಣ್ಣ ಉಬ್ಬುತ್ತದೆ. ಗುಳ್ಳೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಮೇಲ್ಮೈಯ ತೆಳು ತುಕ್ಕನ್ನು ಉಜ್ಜಿ, ಫಾಸ್ಫಾರಿಕ್ ಆಮ್ಲ ಹಚ್ಚಿ ನಿಲ್ಲಿಸಬಹುದು. ತೂತು ಬಿದ್ದಿದ್ದರೆ ಮಾತ್ರ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಲೇಬೇಕು. ಮುಚ್ಚಿದರೆ ಹೋಗುವುದಿಲ್ಲ.

ಎರಡನೆಯದು ಕತ್ತರಿಸುವ ಮುಂಚಿನ ಮಾತು. ಲಾರಿಗೆ ಕೆಳಗೆ ಪ್ರತ್ಯೇಕವಾದ ಚಾಸಿಸ್ ಇರುತ್ತದೆ. ಪದ್ಮಿನಿಗೆ ಹಾಗಿಲ್ಲ. ನೆಲ, ಕಂಬ, ಚಾವಣಿ, ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೆಟ್ಟಿಗೆಯಂಥ ಭಾಗ, ಎಲ್ಲ ಸೇರಿದ ತಗಡಿನ ಗೂಡೇ ಭಾರ ಹೊರುತ್ತದೆ. ಆ ಪೆಟ್ಟಿಗೆಯನ್ನು ಹಾಗೇ ಕತ್ತರಿಸಿಬಿಟ್ಟರೆ ಗೂಡು ನಡುವಿನಲ್ಲಿ ಬಾಗುತ್ತದೆ, ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅವನು ಮೊದಲು ಕಬ್ಬಿಣದ ಆಂಗಲ್ ತಂದು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಬೆಸೆದ. ಬಾಗಿಲ ಸಂದಿಯನ್ನು ನಾಲ್ಕು ಕಡೆ ಅಳೆದು ಗೋಡೆಯ ಮೇಲೆ ಬರೆದಿಟ್ಟ. ಬ್ಯಾಟರಿ ಬಿಚ್ಚಿದ, ಪೆಟ್ರೋಲ್ ಟ್ಯಾಂಕ್ ಇಳಿಸಿ ಅಂಗಡಿಯಿಂದಲೇ ದೂರ ಇಟ್ಟ. "ಖಾಲಿ ಐತಲ್ಲ" ಎಂದು ನಾನೆಂದೆ. "ತುಂಬಿದ್ದಕ್ಕಿಂತ ಖಾಲಿದೇ ಅಪಾಯ ಕಣೋ, ಒಳಗೆಲ್ಲ ಆವಿ ತುಂಬಿರುತ್ತೆ" ಅಂದ. ಆ ಒಂದು ದಿನ ಅವನು ಯಾವುದನ್ನೂ ಕತ್ತರಿಸಲಿಲ್ಲ.

ಮೂರನೆಯದು ನನ್ನ ಬಿ.ಇ. ಹೋದ ದಿನ. ಪೆಟ್ಟಿಗೆಯ ಒಳಗೆ ಕೂರುವ ಒಂದು ಪಟ್ಟಿ ಬೇಕಿತ್ತು. ಇಂಗ್ಲಿಷಿನ ಯು ಅಕ್ಷರದಂತೆ ಮಡಚಿದ್ದು, ತಳ 40 ಮಿ.ಮೀ., ಎರಡು ಬದಿ 25 ಮಿ.ಮೀ. ನಾನು ಓದಿದ್ದು ಮೆಕ್ಯಾನಿಕಲ್, ಮಾಡುವುದು ಸಾಫ್ಟ್‌ವೇರ್. ಲ್ಯಾಪ್‌ಟಾಪ್ ತೆಗೆದು ಚೆಂದದ ಚಿತ್ರ ಬರೆದೆ. 40ಕ್ಕೆ ಎರಡು 25 ಕೂಡಿಸಿ 90 ಮಿ.ಮೀ. ಅಗಲದ ತಗಡು ಕತ್ತರಿಸಿದೆ. 18 ಗೇಜು, ಅಂದರೆ ಸುಮಾರು 1.2 ಮಿ.ಮೀ. ದಪ್ಪ. ಮಡಚಿ ಇಟ್ಟರೆ ಮೂರು ಮಿ.ಮೀ. ದೊಡ್ಡದಾಗಿ ಹೊರಗೇ ನಿಂತಿತು. ಅವನು ನಗಲಿಲ್ಲ. ಗುಜರಿಯಿಂದ ಒಂದು ತುಂಡು ಎತ್ತಿಕೊಂಡು ಅದರ ಮೇಲೆ ಅಳತೆ ಗೀಚಿ, ಮಡಚಿ, ಮತ್ತೆ ಅಳೆದು ತೋರಿಸಿದ. ಮಡಚುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹೊರಗಿನಿಂದ ಅಳೆದರೆ ಒಂದೊಂದು ಮಡಿಕೆಗೆ ಒಂದೂವರೆಯಿಂದ ಎರಡು ಮಿ.ಮೀ. ಹೆಚ್ಚು ಬರುತ್ತದೆ. ಅಷ್ಟನ್ನು ಮೊದಲೇ ಕಳೆಯಬೇಕು. ನಾನು ಅದನ್ನು ಸೂತ್ರವಾಗಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಗಡಿನ ಮುಂದೆ ನಿಂತಾಗ ನೆನಪಿಗೆ ಬರಲಿಲ್ಲ. ಅಂದಿನಿಂದ ನಾವು ಮೊದಲು ಬೂಟಿನ ಡಬ್ಬದ ರಟ್ಟಿನಲ್ಲಿ ಮಾಡಿ ನೋಡುತ್ತಿದ್ದೆವು. ರಟ್ಟು ಸರಿಯಾಗಿ ಕೂತ ಮೇಲೆ ತಗಡು. ತಗಡಿಗೆ ದುಡ್ಡು ಬೇಕು, ರಟ್ಟಿಗೆ ಬೇಡ.

ನಾಲ್ಕನೆಯದು ಶಾಖ. ಒಂದು ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ರೈಲು ಹಳಿಯ ಉದಾಹರಣೆ ನಿಮಗೆ ಗೊತ್ತು. ಬೆಸುಗೆ ಹಾಕುವಾಗ ಆ ಒಂದು ಗೆರೆ ಮಾತ್ರ ಕರಗುವಷ್ಟು ಕಾಯುತ್ತದೆ, ಸುತ್ತಲಿನ ತಗಡು ತಣ್ಣಗಿರುತ್ತದೆ. ಹಿಗ್ಗಲು ಜಾಗವಿಲ್ಲದೆ ಅಲ್ಲಿನ ಲೋಹ ತನ್ನಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಆರಿದಾಗ ಮೊದಲಿಗಿಂತ ಚಿಕ್ಕದಾಗಿ ಸುತ್ತಲಿನದನ್ನು ಎಳೆಯುತ್ತದೆ. ಹಾಗಾಗಿ ತೆಳು ತಗಡಿಗೆ ಒಂದೇ ಗೆರೆಯಾಗಿ ಬೆಸುಗೆ ಎಳೆಯಬಾರದು. ಇಲ್ಲೊಂದು ಬೊಟ್ಟು, ಅಲ್ಲೊಂದು ಬೊಟ್ಟು, ಮಧ್ಯೆ ಮುಟ್ಟಿ ನೋಡಿ ಆರಿದ ಮೇಲೆ ಇನ್ನೊಂದು ಬೊಟ್ಟು. ಒಂದು ಗೇಣು ಉದ್ದಕ್ಕೆ ಅರ್ಧ ದಿನ ಹಿಡಿಯುತ್ತದೆ.

ಒಂದು ಭಾನುವಾರ ಅವನು ಮಗಳನ್ನು ಕರೆದುಕೊಂಡು ಸಂತೆಗೆ ಹೋಗಿದ್ದ. ನನಗೆ ಸೋಮವಾರ ಆಫೀಸಿನ ಕೆಲಸ ತಲೆಯ ಮೇಲಿತ್ತು. ಬೇಗ ಮುಗಿಸೋಣವೆಂದು ಹಿಂದಿನ ಚಕ್ರದ ಮೇಲಿನ ತುಂಡಿಗೆ ಒಂದೇ ಸಲಕ್ಕೆ ಬೆಸುಗೆ ಎಳೆದೆ. ನೋಡನೋಡುತ್ತ ಇಡೀ ಬದಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಳಿಕೊಂಡಿತು. ಅದು ಕಾರಿನ ಮೂಲ ತಗಡು, ಅಪ್ಪ ಪ್ರತಿ ಆಯುಧಪೂಜೆಗೆ ಕೈಯಾರೆ ಒರೆಸಿ ಅರಿಸಿನ ಕುಂಕುಮ ಇಡುತ್ತಿದ್ದ ಜಾಗ. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಸಾಲದ್ದಕ್ಕೆ ಕಪ್ಪು ಗಾಜಿನ ಮುಖವಾಡ ಹಿಡಿಯದೆ ಎರಡು ಸಲ ಬೆಳಕು ನೋಡಿದ್ದೆ. ರಾತ್ರಿಯಿಡೀ ಕಣ್ಣಿನಲ್ಲಿ ಮರಳು ಹಾಕಿದಂತೆ ಉರಿ. ಮಕ್ಕಳೇ, ಇದನ್ನು ಯಾರೂ ಮಾಡಬೇಡಿ.

ಅವನು ಬಂದು ನೋಡಿದ. ಬೈಯುತ್ತಾನೆ ಅಂದುಕೊಂಡೆ. ತಗಡಿನ ಹಿಂದೆ ಡಾಲಿ ಹಿಡಿದ, ಅಂದರೆ ಅಂಗೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ. ಮುಂದಿನಿಂದ ಸಣ್ಣ ಸುತ್ತಿಗೆಯಲ್ಲಿ ಬೆಸುಗೆಯ ಗೆರೆಯ ಮೇಲೆ ಮಾತ್ರ ಟಕ್ ಟಕ್ ಎಂದು ಬಡಿಯತೊಡಗಿದ. ಕುಗ್ಗಿದ ಲೋಹ ಎರಡು ಉಕ್ಕಿನ ನಡುವೆ ಸಿಕ್ಕಿ ಮತ್ತೆ ಹಿಗ್ಗುತ್ತದೆ, ಸುತ್ತಲಿನ ಎಳೆತ ಸಡಿಲವಾಗುತ್ತದೆ. ಎಲ್ಲಿ ಹೆಚ್ಚು ಹಿಗ್ಗಿತೋ ಅಲ್ಲಿ ಗ್ಯಾಸಿನಲ್ಲಿ ನಾಲ್ಕಾಣೆ ಅಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಿದ. ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಅಂಗೈ ಸವರಿ ನೋಡುತ್ತಿದ್ದ. ಎರಡು ದಿನ ಬೇಕಾಯಿತು. "ತಗಡು ಮರೆಯಲ್ಲ ಕಣೋ. ಆದ್ರೆ ಹೇಳಿದ್ರೆ ಕೇಳುತ್ತೆ" ಅಂದ.

ಆ ಮೇಲೆ ಕತ್ತರಿಸಿ ಹೋಗಿದ್ದ ಚಕ್ರದ ಕಮಾನನ್ನು ಹೊಸದಾಗಿ ಮಾಡಬೇಕಿತ್ತು. ಮೇಲೆ ಒಂದಡಿಯಷ್ಟು ಮೂಲ ಅಂಚು ಉಳಿದಿತ್ತು, ಉಳಿದದ್ದು ತುಕ್ಕು ತಿಂದಿತ್ತು. ಅವನು ಉಳಿದ ಅಂಚನ್ನು ರಟ್ಟಿನ ಮೇಲೆ ಗೀಚಿಕೊಂಡ. ಅದರ ಮೇಲೆ ಎರಡು ಜ್ಯಾ ಎಳೆದ. ಎರಡಕ್ಕೂ ಲಂಬಾರ್ಧಕ ಎಳೆದ. ಅವು ಸೇರಿದ ಕಡೆ ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲಿನಲ್ಲಿ ಕಮಾನನ್ನು ಪೂರ್ತಿ ಬರೆದ. ನಾನು ನೋಡುತ್ತ ನಿಂತಿದ್ದೆ. ಅವನು ತಲೆಯೆತ್ತದೆ ಹೇಳಿದ: "ನೀನು ಎರಡು ದಿನ ಹೇಳ್ಕೊಟ್ಟಿದ್ದೆಯಲ್ಲ, ಅದೇ ಇದು. ಇಷ್ಟು ವರ್ಷ ಇದರಲ್ಲೇ ಊಟ ಮಾಡ್ತಿದೀನಿ."

ನಾನು ಮೂರನೆಯ ದಿನದ ವಿಷಯ ಎತ್ತಿದೆ. ಮನೆಯಲ್ಲೇ ಇದ್ದೆ, ಸುಳ್ಳು ಹೇಳಿಸಿದೆ ಎಂದೆ. ಅವನು ದಾರ ಸುತ್ತುತ್ತ, "ಗೊತ್ತು. ಚಪ್ಪಲಿ ನೋಡಿದ್ದೆ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಆ ಕತ್ತರಿ ಕೊಡು ಇಲ್ಲಿ" ಅಂದ. ಅಷ್ಟೇ. ಅದಕ್ಕಿಂತ ಹೆಚ್ಚು ನಾವು ಅದರ ಬಗ್ಗೆ ಇವತ್ತಿನವರೆಗೂ ಮಾತಾಡಿಲ್ಲ.

ಇನ್ನು ಮಾಡಿಫಿಕೇಶನ್ ವಿಷಯ. ಗಂಡುಮಕ್ಕಳು ಕಿವಿ ನಿಮಿರಿಸಿದ್ದು ಕಾಣುತ್ತಿದೆ. ನನಗೂ ಆಸೆಯಿತ್ತು. ಹೊಸ ಕಾಲದ ದೊಡ್ಡ ಇಂಜಿನು ಕೂರಿಸಬೇಕು, ಅಗಲ ಚಕ್ರ ಹಾಕಬೇಕು. ಅವನು ಕೇಳಿದ ಒಂದೇ ಪ್ರಶ್ನೆ: "ಓಡೋಕೆ ದೊಡ್ಡ ಇಂಜಿನ್ ಹಾಕ್ತೀಯ, ನಿಲ್ಸೋರು ಯಾರು?" ಸುಮಾರು 40 ಕುದುರೆಬಲಕ್ಕೆಂದು ಮಾಡಿದ ಬ್ರೇಕು, ಅಷ್ಟಕ್ಕೆಂದೇ ಮಾಡಿದ ತಗಡಿನ ಗೂಡು. ಕಾನೂನೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಿಂದ ವಿಂಟೇಜ್ ಎಂಬ ಬೇರೆಯೇ ನೋಂದಣಿ ಬಂದಿದೆ. ನಮ್ಮ ಕಾರಿಗೆ ಆ ವಯಸ್ಸಾಗಲು ಇನ್ನೂ ಕೆಲವು ವರ್ಷವಿದೆ. ಅಷ್ಟರಲ್ಲಿ ಅದರ ರೂಪ ಕೆಡಿಸುವುದು ಬೇಡವೆಂದು ನಾನೂ ಸುಮ್ಮನಾದೆ.

ಒಂದನ್ನು ಮಾತ್ರ ಬದಲಾಯಿಸಿದೆವು. ಹಳೇ ಡೈನಮೋ ರಾತ್ರಿ ದೀಪ ಹಾಕಿದರೆ ಬ್ಯಾಟರಿ ತುಂಬುತ್ತಿರಲಿಲ್ಲ. ಅದರ ಜಾಗಕ್ಕೆ ಆಲ್ಟರ್ನೇಟರ್ ಕೂರಿಸಲು ಒಂದು ಬ್ರಾಕೆಟ್ ಬೇಕಿತ್ತು. ನಾನೇ ಮಾಡುತ್ತೇನೆಂದು ಐದು ಮಿ.ಮೀ. ಪಟ್ಟಿಯನ್ನು ಎಲ್ ಆಕಾರಕ್ಕೆ ಕತ್ತರಿಸಿದೆ. ಒಳಮೂಲೆಯನ್ನು ಚೂಪಾಗಿ, ಕೊರೆದಂತೆ ಅಚ್ಚುಕಟ್ಟಾಗಿ ತೆಗೆದೆ. ಏಳುನೂರು ಕಿಲೋಮೀಟರ್ ಓಡುವುದರಲ್ಲಿ ಸರಿಯಾಗಿ ಅದೇ ಮೂಲೆಯಲ್ಲಿ ಸೀಳಿತು. ಇಂಜಿನಿನ ನಡುಕವೆಲ್ಲ ಚೂಪು ಮೂಲೆಯಲ್ಲಿ ಬಂದು ನಿಲ್ಲುತ್ತದೆ. ಎರಡನೆಯ ಸಲ ಮೂಲೆಯಲ್ಲಿ ಮೊದಲು ದುಂಡಗೆ ತೂತು ಕೊರೆದು, ತೂತಿನವರೆಗೆ ಮಾತ್ರ ಕತ್ತರಿಸಿ, ಪಕ್ಕಕ್ಕೆ ಒಂದು ತ್ರಿಕೋನದ ಆಸರೆ ಬೆಸೆದೆವು. ಬೆಲ್ಟಿನ ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿದೆವು. ಅದು ಇವತ್ತಿಗೂ ಗಟ್ಟಿಯಾಗಿದೆ. ಸೀಳಿದ ಮೊದಲ ಬ್ರಾಕೆಟನ್ನು ನಾನು ಬೆಂಗಳೂರಿನ ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

2022ರ ಆಯುಧಪೂಜೆಗೆ ಕಾರು ಮನೆಗೆ ಬಂತು. ಅಮ್ಮ ಮುಂದಿನ ಸೀಟಿನಲ್ಲಿ ಕುಳಿತು ಕಾಲನ್ನು ನೆಲಕ್ಕೆ ಒತ್ತಿ ಒತ್ತಿ ನೋಡಿದರು. "ಗಟ್ಟಿ ಐತೆ" ಎಂದರು.

ನನ್ನ ಗೆಳೆಯನ ಹೆಸರು ಹೇಳಲಿಲ್ಲವೆಂದು ನೀವು ಗಮನಿಸಿರಬಹುದು. ಹೇಳಿದರೆ ಮಧ್ಯದಲ್ಲೇ ಎದ್ದು ಹೋಗುತ್ತೇನೆಂದು ಹೆದರಿಸಿದ್ದಾನೆ. ಅವನು ಈ ಸಭೆಯಲ್ಲೇ ಇದ್ದಾನೆ, ಅಭ್ಯಾಸದಂತೆ ಕೊನೆಯ ಸಾಲಿನಲ್ಲಿ. ನೀವು ಒಳಗೆ ಬರುವಾಗ ದಾಟಿದಿರಲ್ಲ, ಸುವರ್ಣ ಮಹೋತ್ಸವದ ಹೊಸ ಗೇಟು, ಅದನ್ನು ಮಾಡಿದ್ದು ಅವನು. ಕೂಲಿ ತೆಗೆದುಕೊಂಡಿಲ್ಲ. ದಾನಿಗಳ ಫಲಕದಲ್ಲಿ ಹೆಸರು ಬೇಡವೆಂದನಂತೆ. ಹೋಗುವಾಗ ಅದರ ಬೆಸುಗೆಯ ಮೇಲೆ ಒಮ್ಮೆ ಅಂಗೈ ಸವರಿ ನೋಡಿ.

ಎರಡು ಮಾತು ಹೇಳಿ ಮುಗಿಸುತ್ತೇನೆ. ಫೇಲಾದವರಿಗೆ ದಾರಿ ಮುಚ್ಚಿಲ್ಲ ಎಂಬುದು ಒಂದು. ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಐ.ಟಿ.ಐ.ಯಲ್ಲಿ ವೆಲ್ಡರ್ ಕೋರ್ಸು ಒಂದೇ ವರ್ಷ. ಪಾಸಾದವರಿಗೆ ಡಿಪ್ಲೊಮಾ ಇದೆ, ಜಿಟಿಟಿಸಿ ಇದೆ. ಹೆಣ್ಣುಮಕ್ಕಳಿಗೂ ಇವೆಲ್ಲ ತೆರೆದಿವೆ. ಒಂಬತ್ತು, ಹತ್ತನೇ ತರಗತಿಯ ಯಾರಿಗಾದರೂ ಕೈಕೆಲಸ ನೋಡುವ ಆಸೆಯಿದ್ದರೆ, ಮುಖ್ಯೋಪಾಧ್ಯಾಯರು ಮತ್ತು ಪೋಷಕರು ಒಪ್ಪಿದರೆ, ಶನಿವಾರ ಮಧ್ಯಾಹ್ನ ಅಂಗಡಿಗೆ ಬಂದು ರಟ್ಟು ಕತ್ತರಿಸಿ ಕಲಿಯಬಹುದು ಎಂದು ಅವನು ಒಪ್ಪಿದ್ದಾನೆ. ಕಪ್ಪು ಕನ್ನಡಕ, ಕೈಗವಸು, ರಟ್ಟಿನ ಖರ್ಚು ನನ್ನದು. ತಿಂಗಳಿಗೊಂದು ಶನಿವಾರ ಗಣಿತ ಹೇಳಿಕೊಡಲು ನಾನೂ ಅಲ್ಲಿಗೆ ಬರುತ್ತೇನೆ.

ಎರಡನೆಯದು ಮುಂದಿನ ಬೆಂಚಿನವರಿಗೆ. ಪರೀಕ್ಷೆ ಹತ್ತಿರ ಬಂದಾಗ ಯಾರಾದರೂ ಲೆಕ್ಕ ಕೇಳಲು ನಿಮ್ಮ ಮನೆಗೆ ಬಂದರೆ, ಮನೆಯಲ್ಲಿ ಇದ್ದೇನೆ ಎನ್ನಿ. ನಿಮ್ಮ ಅಂಕ ಒಂದೋ ಎರಡೋ ಕಡಿಮೆಯಾಗಬಹುದು. ಆಗಲಿ ಬಿಡಿ.